ಬಿಸಿಲು ಕಂಡ ಹದಿನೇಳನೇ ಬಾಟಲಿ

ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದ ಕಪ್ಪು ಬಟ್ಟೆಯ ಗಂಟಿಗೆ ನಾನು ಕೈ ಹಾಕಿದ್ದನ್ನು ಕಂಡು ರಹಮತ್ ಬಿ ತಾರಸಿಯ ಮೆಟ್ಟಿಲಲ್ಲೇ ನಿಂತುಬಿಟ್ಟರು.

"ಅದು ನಿಂಬೆಹಣ್ಣಿಂದು ಅಣ್ಣಾ. ಇನ್ನೂ ಮಾಗಿಲ್ಲ," ಅಂದರು.

ನನಗೆ ಬೇಕಿದ್ದದ್ದು ಬಟ್ಟೆ. ಬಿಚ್ಚಿ, ಕೊಡವಿ, ಬಿಸಿಲಿಗೆ ಹಿಡಿದೆ. ಮೂಲೆಯಲ್ಲಿ ಬಿಳಿ ದಾರದಿಂದ ಹೊಲಿದ ಎರಡು ಅಂಕಿಗಳಿದ್ದವು. ಒಂದು, ಏಳು.

ಮೂವತ್ತಾರು ದಿನಗಳ ಹಿಂದೆ ಕಡೂರಿನ ಈ ಮನೆಯ ಮಗಳು ಶಿರೀನ್ ತಾಜ್ ಅಜ್ಜಂಪುರದ ರೈಲ್ವೆ ಗೇಟಿನ ಹತ್ತಿರ, ರಸ್ತೆ ಬದಿ ನಿಲ್ಲಿಸಿದ್ದ ತನ್ನದೇ ಕಾರಿನಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾರಿನ ಗಾಜುಗಳೆಲ್ಲ ಏರಿದ್ದವು. ಕಾಲ ಬಳಿ ಅರ್ಧ ಖಾಲಿಯಾದ ಒಂದು ಬಿಯರ್ ಬಾಟಲಿ ಬಿದ್ದಿತ್ತು. ಆ ಬಾಟಲಿಯ ಚೀಟಿಯ ಮೇಲೂ ಇದೇ ಹದಿನೇಳು.

"ಈ ಬಟ್ಟೆ ನಿಮಗೆಲ್ಲಿ ಸಿಕ್ತಮ್ಮಾ?"

ರಹಮತ್ ಬಿ ಹತ್ತಿರ ಬಂದು ಬಟ್ಟೆಯನ್ನು ಮುಟ್ಟಿ ನೋಡಿದರು. ಅದು ಅವರದೇ ಹಳೆಯ ಬುರ್ಖಾದ ತುಂಡು. ಔಷಧಿ ಬಾಟಲಿಗೆ ಸುತ್ತಬೇಕು ಅಂತ ಶಿರೀನ್ ಹಳೆಯ ಎರಡು ಬುರ್ಖಾಗಳನ್ನು ಕತ್ತರಿಸಿಕೊಂಡು ಹೋಗಿದ್ದಳಂತೆ. ಅವಳು ಹೋದ ದಿನ ಇವರು ಬೀರೂರಿನ ತಂಗಿಯ ಮನೆಗೆ ಹೋಗಿದ್ದರು. ರಾತ್ರಿ ವಾಪಸ್ಸು ಬಂದು ಜಾಡಿಗಳನ್ನು ಕೆಳಗಿಳಿಸಲು ತಾರಸಿಗೆ ಹತ್ತಿದಾಗ ಒಂದು ಜಾಡಿಯ ಬಟ್ಟೆ ಗಾಳಿಗೆ ಹಾರಿಹೋಗಿತ್ತು. ಗೋಡೆಯ ಬುಡದಲ್ಲಿ ಈ ಬಟ್ಟೆ ಬಿದ್ದಿತ್ತು, ಎತ್ತಿ ಕಟ್ಟಿದರು. ಮರುದಿನ ಬೆಳಿಗ್ಗೆ ಸುದ್ದಿ ಬಂತು. ಆಮೇಲೆ ಜಾಡಿಯ ಕಡೆ ಯಾರು ನೋಡುತ್ತಾರೆ.

"ಯಾಕಣ್ಣಾ, ತಪ್ಪಾಯ್ತಾ?" ಅಂತ ಕೇಳಿದರು.

ಇಲ್ಲ ತಾಯಿ ಅಂದೆ. ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಒಂದು ವಾರದಿಂದ ತರೀಕೆರೆ, ಅಜ್ಜಂಪುರ ಅಂತ ಬಸ್ಸಿನಲ್ಲಿ ಅಲೆದು ನಾನು ಹುಡುಕುತ್ತಿದ್ದ ಬಟ್ಟೆ, ನನಗೆ ಈ ಕೆಲಸ ಹೇಳಿದವರ ಮನೆಯ ತಾರಸಿಯ ಮೇಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ನನ್ನದು.

ನಾನು ರುದ್ರಮೂರ್ತಿ. ತರೀಕೆರೆಯವನು, ಅಬಕಾರಿ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್. ಮೂವತ್ತೊಂದು ವರ್ಷ ಮೂಗಿನಿಂದಲೇ ಅನ್ನ ತಿಂದವನು. ಮುಚ್ಚಿದ ಡಬ್ಬಿಯ ಹೊರಗೆ ನಿಂತು ಒಳಗಿರುವುದು ಬೆಲ್ಲದ ಕೊಳೆಯೋ ಸ್ಪಿರಿಟ್ಟೋ ಹೇಳುತ್ತಿದ್ದೆ. ಕೊರೋನಾ ಬಂತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಈಗ ಮನೆಯಲ್ಲಿ ಸಾರು ಸೀದರೂ ನಾನು ಸಂತೋಷವಾಗಿ ಊಟಕ್ಕೆ ಕೂರುತ್ತೇನೆ. ಇಂಥವನ ಬಳಿ ರಹಮತ್ ಬಿ ಬಂದು ಕೇಳಿದ್ದು ಒಂದೇ ಮಾತು.

"ಹೆಂಗೆ ಸತ್ಲು ಅಂತ ನಾನು ಕೇಳಲ್ಲ ಅಣ್ಣಾ. ನನ್ನ ಮಗಳು ಕುಡಿದಿದ್ಲಾ ಇಲ್ವಾ, ಅಷ್ಟು ಹೇಳಿ. ನಲವತ್ತನೇ ದಿನದ ಫಾತಿಹಾಗಾದ್ರೂ ಅವರಪ್ಪ ಒಂದು ಸಲ ಗೋರಿ ಹತ್ರ ಹೋಗ್ಬರ್ಲಿ."

ಅಪ್ಪ ಜಮಾಲ್ ಸಾಬ್ ಮಣ್ಣಿಗೂ ಹೋಗಿರಲಿಲ್ಲ. ಜನಾಜ ಎತ್ತುವಾಗ ಮನೆಯ ಬಾಗಿಲಲ್ಲಿ ನಿಂತಿದ್ದರು, ಹೆಗಲು ಕೊಡಲಿಲ್ಲ. ಮುಂದಿನ ಒಂದು ಹೆಗಲು ಅವಳ ತಮ್ಮ ಜಾವೀದ್‌ನದು, ಇನ್ನೊಂದು ಅವಳ ಜೊತೆ ಕೆಲಸ ಮಾಡುತ್ತಿದ್ದ ಅಭಿಲಾಷ್‌ನದು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಎತ್ತುವಂತಿಲ್ಲ. ಪೊಲೀಸರು ಬಂದರೂ ಜಮಾಲ್ ಸಾಬ್ ಎದ್ದು ಹೊರಗೆ ಹೋಗುತ್ತಿದ್ದರು. ಕುಡಿದು ಸತ್ತ ಮಗಳ ಬಗ್ಗೆ ಮಾನವಂತ ಅಪ್ಪನಿಗೆ ಇನ್ನೇನು ಮಾತು ಅಂತ ಊರು ತಾನೇ ತೀರ್ಮಾನ ಮಾಡಿತು. ನಾನೂ ಹಾಗೇ ಅಂದುಕೊಂಡಿದ್ದೆ.

ನಲವತ್ತಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು.

ಮೆಟ್ಟಿಲಿಳಿಯುವಾಗ ರಹಮತ್ ಬಿ ಹಿಂದಿನಿಂದ ಹೇಳಿದರು. "ಮೈ ತೊಳ್ಸಿದ್ದು ನಾನೇ ಅಣ್ಣಾ. ಉಗುರು ಸಂದೀಲಿ ಅರಿಶಿನದ ಥರ ಹಳದಿ ಇತ್ತು, ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಬಾಯಿ ಹತ್ರ ಮುಖ ಇಟ್ಟು ನೋಡ್ದೆ. ಏನೂ ವಾಸ್ನೆ ಇರ್ಲಿಲ್ಲ. ತಾಯಿ ಮಾತು ಯಾರು ನಂಬ್ತಾರೆ."

ಆ ಹಳದಿ ಅರಿಶಿನವಲ್ಲ. ಹಾಪ್ಸ್ ಎಂಬ ಬಳ್ಳಿಯ ಹೂವಿನ ಪುಡಿ. ಬಿಯರ್‌ಗೆ ಕಹಿ ಬರುವುದು ಅದರಿಂದ. ಆ ಪುಡಿಯೊಳಗಿನ ಕಹಿ ಸಂಯುಕ್ತಗಳಲ್ಲಿ ಯಾವುದು ಮೈಯ ಉರಿ ಇಳಿಸುತ್ತದೆ, ಯಾವುದು ನಿದ್ದೆ ತರುತ್ತದೆ ಎಂದು ಬಿಡಿಸಿ ನೋಡುವುದೇ ರಸಾಯನಶಾಸ್ತ್ರಜ್ಞೆ ಶಿರೀನ್‌ಳ ಕೆಲಸವಾಗಿತ್ತು. ಕೆಮ್ಮಣ್ಣುಗುಂಡಿಯ ಬುಡದಲ್ಲಿ ದೇವರಾಜ ಎನ್ನುವವರ ಒಂದು ಎಕರೆ ಗುತ್ತಿಗೆಗೆ ಹಿಡಿದು, ಅವಳೂ ಅಭಿಲಾಷನೂ ಆ ಬಳ್ಳಿ ಹಬ್ಬಿಸಿದ್ದರು. ಹೂವಿನ ಗುಣ ನೋಡಲು ಬಿಯರ್ ಮಾಡಿ, ಪ್ರಯೋಗಕ್ಕೊಂದು ನಂಬರ್ ಹಾಕಿ ಬಾಟಲಿಗೆ ತುಂಬುತ್ತಿದ್ದರು. ಹಾಪ್ಸ್‌ಗೆ ನಮ್ಮ ಹಗಲು ಸಾಲದು. ಅದಕ್ಕೆ ಕತ್ತಲಾದ ಮೇಲೂ ಬಲ್ಬು ಹಾಕಿ ಬಳ್ಳಿಗೆ ಇನ್ನೂ ಹಗಲಿದೆ ಎಂದು ಸುಳ್ಳು ಹೇಳುತ್ತಿದ್ದರು. ದೂರದಿಂದ ಆ ಬೆಳಕು ನೋಡಿದ ಸುತ್ತಲಿನ ಜನ ಕೋಳಿ ಫಾರಂ ಅಂದುಕೊಂಡಿದ್ದರು.

ಕಿತ್ತ ಹೂವು ಕೆಡದಂತೆ ಡ್ರೈ ಐಸ್ ಪೆಟ್ಟಿಗೆಯಲ್ಲಿಟ್ಟು ದಾವಣಗೆರೆಯ ಒಂದು ಲ್ಯಾಬಿಗೆ ಒಯ್ಯಬೇಕಿತ್ತು. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ನೇರ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಮುಚ್ಚಿದ ಕಾರಿನಲ್ಲಿ ಅದು ತುಂಬಿದರೆ ಕೂತವರು ಹಾಗೇ ನಿದ್ದೆಹೋಗುತ್ತಾರೆ, ಏಳುವುದಿಲ್ಲ. ಇದು ಅವಳಿಗೆ ಗೊತ್ತಿರಲಿಲ್ಲವೇ? ಪಾಠ ಮಾಡುವಷ್ಟು ಗೊತ್ತಿತ್ತು. ಅದಕ್ಕೇ ಪೊಲೀಸರಿಗೆ ಆ ಬಾಟಲಿ ಬೇಕಾಯಿತು. ಕುಡಿದಿದ್ದಳು, ಸುಸ್ತಾಗಿ ಗಾಡಿ ನಿಲ್ಲಿಸಿದಳು, ಗಾಜು ಇಳಿಸುವುದು ಮರೆತಳು, ಕೇಸು ಮುಗಿಯಿತು. ಒಳಾಂಗಗಳ ವರದಿ ಬರಲು ಇನ್ನೂ ಎಷ್ಟು ತಿಂಗಳೋ.

ಬಾಟಲಿ ಅವಳು ಕುಡಿಯಲು ತಂದದ್ದಲ್ಲ ಎಂದಾದರೆ, ಗಾಜು ಏರಿಸಿದ್ದು ಮರೆವೂ ಅಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು.

ಅಜ್ಜಂಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಗಾನವಿ ಹೊಸಬರು. ಆ ಕೇಸು ಮುಗಿಸಿದವರು ಅವರ ಹಿಂದಿನವರು. ಹೋದ ವಾರ ಗಾನವಿ ಬಾಟಲಿಯನ್ನು ನನ್ನೆದುರು ತೆಗೆದಾಗ ನನಗೆ ನೀರು, ಹಾಲು, ಬಿಯರ್ ಎಲ್ಲ ಒಂದೇ. ಏನು ವಾಸನೆ ಮೇಡಂ ಅಂತ ಅವರನ್ನೇ ಕೇಳಿದೆ. ಮುಖ ಸಿಂಡರಿಸಿ, ಪುನುಗು ಬೆಕ್ಕು ಹಾದುಹೋದ ಹಾಗಿದೆ ಅಂದರು. ಅದನ್ನೇ ಅಭಿಲಾಷ್‌ಗೆ ಹೇಳಿದಾಗ ಅವನು ಬೆಚ್ಚಿದ. ಹಾಪ್ಸ್‌ನ ಕಹಿಗೆ ಬಿಸಿಲು ಬಿದ್ದರೆ ಮಾತ್ರ ಆ ನಾತ ಬರುತ್ತದಂತೆ. ಬಿಯರನ್ನು ಕಂದು ಬಾಟಲಿಗೆ ತುಂಬುವುದೇ ಅದಕ್ಕಂತೆ. ಬಣ್ಣ ಕಾಣಬೇಕೆಂದು ಶಿರೀನ್ ಬಿಳಿ ಗಾಜಿನ ಬಾಟಲಿ ಬಳಸುತ್ತಿದ್ದಳು, ಆದ್ದರಿಂದ ಒಂದೊಂದಕ್ಕೂ ಕಪ್ಪು ಬಟ್ಟೆ ಹೊಲಿದಿದ್ದಳು. ತಪ್ಪಿಯೂ ಬಿಸಿಲಿಗೆ ಬಿಡುತ್ತಿರಲಿಲ್ಲ.

ಅವಳು ಕಡೂರಿನ ಮನೆಯಿಂದ ಹೊರಟದ್ದು ಹೊತ್ತು ಮುಳುಗಿದ ಮೇಲೆ. ಹಾಗಾದರೆ ಅಂದು ಹಗಲಲ್ಲಿ ಯಾರೋ ಬಟ್ಟೆ ಬಿಚ್ಚಿ ಬಾಟಲಿಯನ್ನು ಬಿಸಿಲಿಗಿಟ್ಟಿದ್ದರು. ಇಟ್ಟವರಿಗೆ ಹಾಪ್ಸ್ ಗೊತ್ತಿರಲಿಲ್ಲ.

ಅಭಿಲಾಷ್ ಮೇಲಿನ ನನ್ನ ಅನುಮಾನ ಅಲ್ಲಿಗೆ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಅವಳು ಸತ್ತ ಒಂಬತ್ತನೇ ದಿನಕ್ಕೆ ಹೂವಿನಿಂದ ಇಬ್ಬರೂ ಸೇರಿ ಬಿಡಿಸಿದ್ದ ಸಂಯುಕ್ತದ ಪೇಟೆಂಟ್‌ಗೆ ತನ್ನೊಬ್ಬನ ಹೆಸರಲ್ಲಿ ಅರ್ಜಿ ಹಾಕಿದವನು ಅವನು. ಇನ್ನು ಟ್ಯಾಕ್ಸಿ ಓಡಿಸುವ ಜಾವೀದ್. ಅಂದು ಸಂಜೆ ಶಿವಮೊಗ್ಗಕ್ಕೆ ಬಾಡಿಗೆ ಹೋಗಿದ್ದೆ ಎನ್ನುತ್ತಾನೆ. ಅವನ ಮಾತು ಬಿಟ್ಟರೆ ಅದಕ್ಕೆ ಬೇರೆ ಸಾಕ್ಷಿಯಿಲ್ಲ.

ಮತ್ತೆ ಈಗ ನನ್ನ ಜೇಬಿನಲ್ಲಿರುವ ಬಟ್ಟೆ. ಅಂದು ಮಧ್ಯಾಹ್ನ ಆ ಮನೆಯಲ್ಲಿ ಇದ್ದವರು ಒಬ್ಬರೇ.

ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಜಮಾಲ್ ಸಾಬರ ಕುಶನ್ ಅಂಗಡಿ. ಕಾರಿನ ಸೀಟು, ಆಟೋದ ಸೀಟು, ಬಾಗಿಲಿನ ರಬ್ಬರು, ಗಾಜಿನ ರಿಪೇರಿ ಎಲ್ಲವೂ ಅಲ್ಲೇ. ನಾನು ಹೋದಾಗ ಅವರು ಆಟೋದ ಸೀಟಿಗೆ ಕೆಂಪು ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದರು. ಹೊರಗೆ ತನ್ನ ಟ್ಯಾಕ್ಸಿ ಒರೆಸುತ್ತಿದ್ದ ಜಾವೀದ್ ನನ್ನನ್ನು ಕಂಡು ಸಲಾಂ ಹೇಳಿದ. ಒಳಗೆ ಬರಲಿಲ್ಲ.

ನನ್ನನ್ನು ನೋಡಿದ ಕೂಡಲೇ ಜಮಾಲ್ ಸಾಬ್ ಎದ್ದು ಹೋಗುತ್ತಾರೆಂದು ಗೊತ್ತಿತ್ತು. ಅದಕ್ಕೇ ಮಾತಿಗೆ ಮೊದಲೇ ಬಟ್ಟೆಯನ್ನು ಕೆಂಪು ಸೀಟಿನ ಮೇಲೆ ಹರಡಿದೆ, ಅಂಕಿ ಮೇಲೆ ಬರುವ ಹಾಗೆ.

ಅವರ ಸುತ್ತಿಗೆ ನಿಂತಿತು. ಆಮೇಲೆ ಹೊರಗೆ ತಿರುಗಿ, ಎರಡು ಟೀ ಹೇಳು ಅಂತ ಮಗನನ್ನು ಕಳಿಸಿದರು.

"ಎಲ್ಲಿ ಸಿಕ್ತು?" ಅಂದರು.

"ನಿಮ್ಮ ತಾರಸಿ ಮೇಲೆ. ಬಾಟ್ಲಿನ ಬಿಸಿಲಿಗೆ ಇಟ್ಟೋರು ನೀವು ಅಲ್ವಾ ಸಾಬ್ರೆ?"

"ಹೂಂ."

ಇಷ್ಟು ಬೇಗ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅಬಕಾರಿಯಲ್ಲಿದ್ದಾಗ ಒಂದು ಹೂಂಗೆ ಮೂರು ದಿನ ಹಿಡಿಯುತ್ತಿತ್ತು. ಜಮಾಲ್ ಸಾಬ್ ಸುತ್ತಿಗೆಯನ್ನು ಕೆಳಗಿಟ್ಟು, ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡರು. ಮೂವತ್ತಾರು ದಿನ ತಡೆದದ್ದು ಆಮೇಲೆ ತಾನಾಗಿ ಬಂತು.

ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಫ್ರಿಜ್ಜಿನಲ್ಲಿ ಕಪ್ಪು ಬಟ್ಟೆ ಸುತ್ತಿದ್ದ ಬಾಟಲಿ ಇತ್ತಂತೆ. ಹಿಂದಿನ ದಿನ ಮಗಳು ತಂದಿಟ್ಟದ್ದು. ಔಷಧಿ ಗಿಡದ ಮೇಲೆ ಓದುತ್ತಾಳೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಯಾವ ಔಷಧಿ ನೋಡೋಣ ಎಂದು ಬಟ್ಟೆ ಬಿಚ್ಚಿದರು. ಅವರಿಗೆ ಉರ್ದು ಬರುತ್ತದೆ, ಕನ್ನಡ ಬರುತ್ತದೆ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ. ಚೀಟಿಯ ಮೇಲಿನ ನಾಲ್ಕು ಅಕ್ಷರ ಕೂಡಿಸಿದರು. ಬಿಯರ್ ಅಂತ ಬಂತು. ಮತ್ತೊಮ್ಮೆ ಕೂಡಿಸಿದರು. ಮತ್ತೂ ಅದೇ ಬಂತು.

ಮನೆಯೊಳಗೆ ಅದನ್ನು ಇಡುವ ಹಾಗಿಲ್ಲ. ನಮಾಜಿಗೆ ಕೈಕಾಲು ತೊಳೆದ ವಜೂ ನೀರು ಹರಿಯುವ ಮೋರಿಗೆ ಸುರಿಯುವ ಹಾಗೂ ಇಲ್ಲ. ಬೀದಿಗೆಸೆದರೆ ಜಮಾಲ್ ಸಾಬರ ಮನೆಯಿಂದ ಬಿಯರ್ ಬಾಟಲಿ ಬಿತ್ತು ಎಂದಾಗುತ್ತದೆ. ಬಟ್ಟೆಯಲ್ಲೇ ಹಿಡಿದು ತಾರಸಿಗೆ ಒಯ್ದು, ಉಪ್ಪಿನಕಾಯಿ ಜಾಡಿಗಳಿಂದ ದೂರ, ಗೋಡೆಯ ತುದಿಯಲ್ಲಿಟ್ಟರು. ಬಟ್ಟೆ ಅಲ್ಲೇ ಬಿತ್ತು. ಬಾಟಲಿ ಸಂಜೆಯವರೆಗೂ ಬಿಸಿಲಲ್ಲಿತ್ತು.

ಅವರು ಎದ್ದು, ಅಂಗಡಿಯ ಮೂಲೆಯಿಂದ ಒಂದು ಸಣ್ಣ ದಿಂಬು ತಂದು ನನ್ನ ಮುಂದಿಟ್ಟರು. ಹೊಲಿಗೆ ಅವರದೇ ಇರಬೇಕು, ಅಷ್ಟು ನೇರವಾಗಿತ್ತು.

"ನಂಗೆ ಆರೇಳು ವರ್ಷದಿಂದ ನಿದ್ದೆ ಇಲ್ಲ ಸಾರ್. ಒಣಗಿದ ಹೂವು ಒಂದು ಚೀಲ ತಂದು, ಅಬ್ಬಾ, ಇದನ್ನ ತುಂಬಿ ದಿಂಬು ಹೊಲ್ಕೊಳ್ಳಿ ಅಂದ್ಲು. ಹೊಲ್ದೆ. ಮಲಗಿದ್ರೆ ನಿದ್ದೆ ಬಂತು. ಎಲ್ರಿಗೂ ಹೇಳ್ಕೊಂಡು ಓಡಾಡ್ದೆ, ನನ್ನ ಮಗಳ ಔಷಧಿ ಅಂತ. ಅವತ್ತು ಗೊತ್ತಾಯ್ತು, ನಾಕು ತಿಂಗಳು ಬಿಯರ್ ಹೂವಿನ ಮೇಲೆ ತಲೆ ಇಟ್ಟು ಮಲಗಿದೀನಿ ಅಂತ."

ದಿಂಬನ್ನು ಮುಖದ ಹತ್ತಿರ ಹಿಡಿದೆ. ಅಭ್ಯಾಸ. ಏನೂ ಬರಲಿಲ್ಲ.

"ಸಂಜೆ ಬಂದ್ಲು. ನಾನು ಬೈಲಿಲ್ಲ ಸಾರ್. ಬೈದಿದ್ರೆ ಚೆನ್ನಾಗಿತ್ತು. ಬಾಟ್ಲಿ ತಂದು ಅವಳ ಕಾರಿನ ಸೀಟಿನ ಕೆಳಗೆ ನನ್ನ ಕೈಯಾರೆ ಇಟ್ಟೆ. ಇದು ನಿಂದು, ಇದ್ರ ಜೊತೆಗೇ ಹೋಗು ಅಂದೆ."

"ಅವಳೇನಂದ್ಲು?"

ಜಮಾಲ್ ಸಾಬ್ ಬಟ್ಟೆಯ ಮೇಲಿನ ಅಂಕಿಯನ್ನು ಬೆರಳಿಂದ ಸವರಿದರು.

"ಬಟ್ಟೆ ಇಲ್ಲದ ಬಾಟ್ಲಿ ಎತ್ಕೊಂಡು ಮುಟ್ಟಿ ನೋಡಿದ್ಲು, ಇನ್ನೂ ಬಿಸಿ ಇತ್ತು. ಅಯ್ಯೋ ಅಬ್ಬಾ, ಬಿಸಿಲಿಗೆ ಇಟ್ರಾ, ಇದು ಹಾಳಾಯ್ತಲ್ಲ ಅಂದ್ಲು. ಅಷ್ಟೇ. ನೋಡು, ಅಪ್ಪನ ಮಾನಕ್ಕಿಂತ ಇವಳಿಗೆ ಹೆಂಡದ ಚಿಂತೆ ಅಂತ ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಗಾಡಿ ಹೋದ ಸದ್ದು ಕೇಳ್ತು."

ಆಮೇಲೆ ಸುದ್ದಿ ಬಂದದ್ದು, ಬಾಟಲಿ ಸಿಕ್ಕಿತು ಎಂದದ್ದು. ತಾನು ಇಟ್ಟ ಬಾಟಲಿಯನ್ನೇ ಮಗಳು ದುಃಖಕ್ಕೆ ಕುಡಿದಳು, ಕುಡಿದು ಸತ್ತಳು ಎಂದು ಅವರು ಅಂದೇ ತೀರ್ಪು ಕೊಟ್ಟುಕೊಂಡಿದ್ದರು. ಊರಿನ ಲೆಕ್ಕದಲ್ಲಿ ಅವರು ಮಗಳ ಮೇಲೆ ನಾಚಿ ಗೋರಿಗೆ ಹೋಗುತ್ತಿರಲಿಲ್ಲ. ಅವರ ಲೆಕ್ಕದಲ್ಲಿ, ಕೊಂದವನು ಗೋರಿಗೆ ಹೋಗುವ ಹಾಗಿರಲಿಲ್ಲ.

"ರಹಮತ್‌ಗೆ ಇದು ಗೊತ್ತಿಲ್ಲ," ಅಂದರು. "ನೀವೂ ಹೇಳ್ಬೇಡಿ."

ನನಗೆ ಆ ಹೊತ್ತಿಗೆ ಹೇಳಲು ಒಂದು ವಿಷಯವಿತ್ತು. ಹೇಳಿದರೆ ಆ ಮನುಷ್ಯನ ಎದೆ ಒಡೆಯುತ್ತದೆ, ಹೇಳದಿದ್ದರೆ ಆ ಹುಡುಗಿಗೆ ಅನ್ಯಾಯವಾಗುತ್ತದೆ. ಮುದಿ ವಯಸ್ಸಿನಲ್ಲಿ ಯಾರಿಗೂ ಬರಬಾರದ ಕೆಲಸ ಇದು. ರಹಮತ್ ಬಿ ಕೇಳಿದ್ದು ಸತ್ಯ, ಅದನ್ನು ಅರ್ಧ ಕೊಡಲು ನನಗೆ ಹಕ್ಕಿರಲಿಲ್ಲ.

"ಸಾಬ್ರೆ, ಹದಿನೇಳು ನಂಬರಿನ ಬಾಟ್ಲಿ ಎರಡು ತುಂಬಿದ್ಲು. ಒಂದು ನೀವು ನೋಡಿದ್ದು. ಇನ್ನೊಂದು ತೋಟದ ಫ್ರಿಜ್ಜಲ್ಲಿತ್ತು. ನಾನು ಅದನ್ನ ಅಬಕಾರಿ ಪದ್ಧತಿ ಪ್ರಕಾರ ಕುದಿಸಿ, ಆವಿ ಇಳಿಸಿ, ಅಳೆದೆ. ಒಂದಲ್ಲ, ಮೂರು ಸಲ."

ಅವರು ತಲೆಯೆತ್ತಲಿಲ್ಲ.

"ಅದ್ರಲ್ಲಿ ಮದ್ಯ ಇಲ್ಲ ಸಾಬ್ರೆ. ಒಂದು ಹನೀನೂ ಇಲ್ಲ. ಒಂದ್ರಿಂದ ಹದಿನಾರರ ತನಕ ಇತ್ತು. ಹದಿನೇಳರಲ್ಲಿ ಹೂವಿನ ಗುಣ ಉಳಿಸ್ಕೊಂಡು ಮದ್ಯ ಪೂರ್ತಿ ತೆಗೆದಿದ್ಲು. ಇನ್ನು ಇದನ್ನ ಅಬ್ಬಾಗೆ ಧೈರ್ಯವಾಗಿ ತೋರಿಸ್ಬಹುದು ಅಂತ ಅಭಿಲಾಷ್‌ಗೆ ಹೇಳಿ ಮನೆಗೆ ತಂದಿದ್ಲು. ಚೀಟಿ ಬದಲಾಯಿಸೋದು ಮರೆತಿದ್ಲು, ಅಷ್ಟೇ."

ಅಂಗಡಿಯ ಮುಂದೆ ಸಿಂಗಟಗೆರೆ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಜಮಾಲ್ ಸಾಬ್ ಅಂಗೈಯಲ್ಲಿದ್ದ ಮೊಳೆಗಳನ್ನು ಬಿಗಿಯಾಗಿ ಹಿಡಿದಿದ್ದರು. ನಾನು ಅವರ ಬೆರಳು ಬಿಡಿಸಿ ಮೊಳೆ ತೆಗೆದಿಟ್ಟೆ. ಅಂಗೈಯಲ್ಲಿ ರಕ್ತದ ಎರಡು ಚುಕ್ಕೆಗಳಿದ್ದವು. ಅವರು ಅಳಲಿಲ್ಲ. ಬಾಯಿ ಮಾತ್ರ ಸದ್ದಿಲ್ಲದೆ ಅಲುಗಾಡುತ್ತಿತ್ತು. ಪ್ರಾರ್ಥನೆಯೋ, ಮಗಳ ಹೆಸರೋ, ನನಗೆ ತಿಳಿಯಲಿಲ್ಲ. ನಾನು ಮುಖ ತಿರುಗಿಸಿ ಗೋಡೆಗೆ ನೇತುಹಾಕಿದ್ದ ರಬ್ಬರ್ ಸುರುಳಿಗಳನ್ನು ನೋಡುತ್ತ ಕೂತೆ. ನನಗೂ ಒಬ್ಬಳು ಮಗಳಿದ್ದಾಳೆ.

"ಹಂಗಾದ್ರೆ ಅವಳು ಕುಡ್ದಿದ್ರೂ..." ಅಂದರು ಕೊನೆಗೆ.

"ಕುಡ್ದಿದ್ರೂ ಪಾನಕ ಕುಡ್ದಂಗೆ. ಅಮಲು ಎಲ್ಲಿಂದ ಬರ್ಬೇಕು? ಆ ಹೂವು ಹಾಕಿದ್ದು ಏನೇ ಆದ್ರೂ ಬಿಯರ್ ವಾಸನೆ ಹೊಡೆಯತ್ತೆ, ಜನ ಅದನ್ನೇ ಹಿಡ್ಕೊಂಡ್ರು. ನೀವು ಇಟ್ಟಾಗ ಮುಚ್ಚಳ ಇತ್ತಾ?"

"ಇತ್ತು. ಸೋಡಾ ಬಾಟ್ಲಿ ಥರ ಒತ್ತಿದ ಮುಚ್ಚಳ."

ಪಂಚನಾಮೆಯಲ್ಲಿ ಮುಚ್ಚಳವೂ ಇಲ್ಲ, ಅದನ್ನು ತೆಗೆಯುವ ಓಪನರೂ ಇಲ್ಲ. ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಆಮೇಲೆ, ಅವರಿಗೆ ಸಮಾಧಾನ ಹೇಳುವ ಹಾಗೆ, ಅಂಥ ಬುದ್ಧಿವಂತೆ ಡ್ರೈ ಐಸ್ ಇಟ್ಟುಕೊಂಡು ನಾಲ್ಕೂ ಗಾಜು ಏರಿಸಿ ಮಲಗಿದ್ದೇ ನನಗೆ ಮೊದಲಿಂದಲೂ ಅರ್ಥವಾಗದ ಮಾತು ಎಂದೆ.

ಜಮಾಲ್ ಸಾಬ್ ತಲೆಯೆತ್ತಿದರು.

"ಯಾವ ಗಾಜು?"

"ಎಲ್ಲಾ ಗಾಜೂ. ಡ್ರೈವರ್ ಕಡೇದು ಒಡೆದು ಅವಳನ್ನ ಹೊರಗೆ ತೆಗೆದ್ರು. ಮಿಕ್ಕಿದ್ದು ಮೂರೂ ಮೇಲೇ ಇದ್ವು. ಫೋಟೋ ನೋಡಿದೀನಿ."

"ಎಡಗಡೆ ಮುಂದಿಂದು?"

"ಅದೂ ಮೇಲೇ ಇತ್ತು. ಯಾಕೆ? ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕು? 'ಗಾಜು' ಎನ್ನುವಷ್ಟರಲ್ಲಿ ಅವರು ಎದ್ದುಹೋಗುತ್ತಿದ್ದರಲ್ಲ. ಮನೆಯವರು ಅವರ ಎದುರು ಆ ಕಾರಿನ ಮಾತೇ ಎತ್ತಿರಲಿಲ್ಲ.

ಅವರು ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿ, ಹಳೆಯ ಪೇಪರಿನಲ್ಲಿ ಸುತ್ತಿದ್ದ ಗಂಟೊಂದನ್ನು ತೆಗೆದು ಕೆಂಪು ಸೀಟಿನ ಮೇಲಿಟ್ಟು ಬಿಚ್ಚಿದರು. ಒಂದು ಸಣ್ಣ ಮೋಟರ್, ಅದಕ್ಕೆ ಜೋತುಬಿದ್ದ ತಂತಿ. ಪೇಪರಿನ ಮೇಲೆ ಪೆನ್ನಿನಲ್ಲಿ ಶಿರೀನ್‌ಳ ಕಾರಿನ ನಂಬರ್ ಬರೆದಿತ್ತು.

"ಎಡಗಡೆ ಗಾಜಿನ ಮೋಟರ್ ಸಾರ್ ಇದು. ದೀಪಾವಳಿ ಮುಂಚೆ ಸುಟ್ಟೋಯ್ತು, ನಾನೇ ಬಿಚ್ಚಿದೆ. ಒಳಗೆ ಮರದ ಬೆಣೆ ಕೊಟ್ಟು ಗಾಜು ನಿಲ್ಲಿಸಿದ್ದೆ, ಮೇಲೆ ಎರಡು ಬೆರಳು ಸಂದಿ ಬಿಟ್ಟು. ಹೊಸಾದು ಹಾಕ್ತೀನಿ ಅಂದ್ರೆ ಅವಳೇ ಬೇಡ ಅಂದ್ಲು. ಸಂದಿ ಇದ್ರೇ ಒಳ್ಳೇದು ಅಬ್ಬಾ, ನನ್ನ ಪೆಟ್ಟಿಗೆಗೆ ಗಾಳಿ ಬೇಕು ಅಂದ್ಲು."

"ಹಂಗಾದ್ರೆ ಒಳಗೆ ಕೂತು ಸ್ವಿಚ್ ಒತ್ತಿದ್ರೆ?"

"ಏನು ಒತ್ತಿದ್ರೂ ಬರಲ್ಲ. ಹೊರಗೆ ನಿಂತು, ಎರಡೂ ಅಂಗೈ ಗಾಜಿಗೆ ಒತ್ತಿ ಎತ್ಬೇಕು. ಎತ್ತಿ ಬಿಟ್ರೆ ಮತ್ತೆ ಬೆಣೆ ಮೇಲೆ ಕೂರ್ತದೆ. ನಿಲ್ಬೇಕು ಅಂದ್ರೆ ಕೆಳಗೆ ರಬ್ಬರ್ ಸಂದಿಗೆ ಹೊರಗಡೆಯಿಂದ ಏನಾದ್ರೂ ತುರುಕ್ಬೇಕು."

ನಾನು ಅಲ್ಲಿಂದಲೇ ಗಾನವಿಗೆ ಫೋನ್ ಮಾಡಿದೆ. ಕಾರು ಇನ್ನೂ ಠಾಣೆಯ ಹಿಂದಿನ ಬಯಲಲ್ಲೇ ನಿಂತಿತ್ತು. ಎಡಗಡೆ ಮುಂದಿನ ಗಾಜಿನ ಕೆಳಗೆ, ಹೊರಗಿನ ರಬ್ಬರ್ ಸಂದಿ ನೋಡಿ ಎಂದೆ. ಅವರು ನಡೆದುಹೋಗುವ ಸದ್ದು, ಯಾರನ್ನೋ ಟಾರ್ಚ್ ಕೇಳಿದ್ದು, ಎಲ್ಲ ಕೇಳಿಸುತ್ತಿತ್ತು. ಜಮಾಲ್ ಸಾಬ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಇದೆ ಸಾರ್," ಅಂದರು ಗಾನವಿ. "ಏನೋ ಮಡಿಸಿ ತುರುಕಿದಾರೆ. ಎಳೀಲಾ?"

ಮುಟ್ಟಬೇಡಿ, ಪಂಚರನ್ನು ಕರೆಸಿ, ವಿಡಿಯೋ ಹಿಡಿದು ಆಮೇಲೆ ತೆಗೆಯಿರಿ, ಗಾಜಿನ ಹೊರಮೈ ಒರೆಸಲು ಯಾರನ್ನೂ ಬಿಡಬೇಡಿ ಎಂದೆ. ಫೋನ್ ಇಟ್ಟೆ. ಇದೆ ಎಂದಷ್ಟೇ ಜಮಾಲ್ ಸಾಬರಿಗೆ ಹೇಳಿದೆ.

ಮೂವತ್ತಾರು ದಿನ ಅವರ ಕೈಗೆಟುಕುವಲ್ಲೇ ಈ ಮೋಟರ್ ಇತ್ತು. ಒಂದು ಸಲ, ಒಬ್ಬರನ್ನು, ನನ್ನ ಮಗಳು ಹೇಗೆ ಸತ್ತಳು ಎಂದು ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅದು ಅವರಿಗೂ ಹೊಳೆದಿತ್ತು, ಮುಖದಲ್ಲೇ ಕಾಣುತ್ತಿತ್ತು. ನಾನು ಬಾಯಿಬಿಟ್ಟು ಹೇಳುವ ಪಾಪ ತಪ್ಪಿತು.

ಆಮೇಲೆ ಎದ್ದು ಕೈ ತೊಳೆದರು. ಮೊಳೆಗೆ ತಗುಲಿಹಾಕಿದ್ದ ಬಿಳಿ ಟೋಪಿ ತೆಗೆದು ತಲೆಗಿಟ್ಟುಕೊಂಡರು. ಸೀಟಿನ ಮೇಲಿದ್ದ ಕಪ್ಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಹಾಕಿದರು. ಅದು ಸಾಕ್ಷ್ಯ, ನಾನು ತಡೆಯಬೇಕಿತ್ತು. ತಡೆಯಲಿಲ್ಲ.

"ಆ ಗಾಜು ಹೆಂಗೆ ಎತ್ಬೇಕು, ಎಲ್ಲಿ ತುರುಕ್ಬೇಕು ಅಂತ ಗೊತ್ತಿರೋರು ಮೂರೇ ಜನ ಸಾರ್," ಅಂದರು ಚಪ್ಪಲಿ ಮೆಟ್ಟುತ್ತ. "ನಾನು, ಅವಳು. ದೀಪಾವಳಿ ಮಳೇಲಿ ಅವಳು ನೆನೀಬಾರ್ದು ಅಂತ ನಾನೇ ಇನ್ನೊಬ್ಬನಿಗೆ ಹೇಳ್ಕೊಟ್ಟಿದ್ದೆ."

"ಯಾರಿಗೆ?"

"ಜನಾಜ ಎತ್ತೋವಾಗ ಬಾಗ್ಲಲ್ಲಿ ನಿಂತು ನೋಡ್ದೆ. ಮುಂದಿನ ಹೆಗಲು ಕೊಟ್ಟಿದ್ದ."

ಮುಂದಿನ ಹೆಗಲು ಎರಡು. ಯಾವ ಕಡೆಯದು ಸಾಬ್ರೆ ಎಂದು ಕೇಳಿದೆ. ಎದ್ದು ಅಡ್ಡ ನಿಂತೂ ಕೇಳಿದೆ. ಅವರು ನನ್ನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಮೊದ್ಲು ಅವಳ ಹತ್ರ ಹೋಗ್ಬತ್ತೀನಿ. ಅವಳಿಗೆ ಹೇಳ್ದೆ ನಿಮಗೆ ಹೆಂಗ್ ಹೇಳ್ಲಿ."

ರಸ್ತೆ ದಾಟಿ ಖಬರಸ್ತಾನದ ಕಡೆ ತಿರುಗಿದರು. ಮಧ್ಯಾಹ್ನದ ಬಿಸಿಲು ತಲೆಯ ಮೇಲೆ ಸುಡುತ್ತಿತ್ತು. ನಡಿಗೆ ನಿಧಾನವಾಗಿತ್ತು, ಆದರೆ ನಿಲ್ಲಲಿಲ್ಲ. ರಹಮತ್ ಬಿ ಕೇಳಿಕೊಂಡದ್ದು ಇಷ್ಟೇ ಆಗಿತ್ತು. ಇಷ್ಟಕ್ಕೇ ಈ ಕೇಸು ಮುಗಿದುಹೋಗಬಾರದೇ ಎಂದು ಒಂದು ಗಳಿಗೆ ನನಗನ್ನಿಸಿತು.

ಜಾವೀದ್ ಎರಡು ಲೋಟ ಟೀ ಹಿಡಿದು ಬಂದ. ಅಬ್ಬಾ ಎಲ್ಲಿ ಎಂದು ಕೇಳಿದ. ನಿನ್ನ ಅಕ್ಕನ ಹತ್ತಿರ ಹೋದರು ಎಂದೆ. ಅವನ ಕಣ್ಣು ತುಂಬಿತು, ಅದು ಸುಳ್ಳಲ್ಲ. ಲೋಟ ಇಡಲು ಬಗ್ಗಿದವನು ಕೆಂಪು ಸೀಟಿನ ಮೇಲೆ ಪೇಪರ್ ಬಿಚ್ಚಿಟ್ಟಿದ್ದ ಮೋಟರ್ ನೋಡಿ ಹಾಗೇ ನಿಂತ. ಅದು ಏನೆಂದು ಅವನು ಕೇಳಲಿಲ್ಲ.

"ಇದನ್ನ ಈಗ ಯಾಕೆ ಹೊರಗೆ ತೆಗೆದ್ರು ಸಾರ್?" ಎಂದು ಕೇಳಿದ.